ಯಾರೂ ಕೂರದ ಕೋಣೆ

ಏಳು ಅಂತಸ್ತಿನ ಆ ಸರ್ಕಾರಿ ಕಟ್ಟಡದಲ್ಲಿ ಎಲ್ಲಕ್ಕಿಂತ ಚೊಕ್ಕಟವಾದ ಜಾಗ ದೊಡ್ಡ ಸಾಹೇಬರ ಕೋಣೆಯಲ್ಲ. ಸಭಾಂಗಣವೂ ಅಲ್ಲ. ಅದು ನೆಲಮಾಳಿಗೆಯ ನಾಲ್ಕು ಹಾಸುಗಲ್ಲು. ಮೆಟ್ಟಿಲು ಇಳಿದ ಕೂಡಲೇ, ಕಂಬದ ಮುಂದೆ, ಒಂದು ಚಾಪೆ ಹಾಸುವಷ್ಟು ಅಗಲ. ಪೊರಕೆಯಕ್ಕ ಅದನ್ನು ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಗುಡಿಸುತ್ತಿದ್ದಳು. ಅಲ್ಲಿ ಕಸ ಇರಲಿಲ್ಲ. ಮುಕ್ಕಾಲು ಗಂಟೆಯಿಂದ ಇರಲಿಲ್ಲ.

ಕಂಬದ ನೆತ್ತಿಯಲ್ಲಿ ಬಟ್ಟಲಿನಷ್ಟು ಬಿಳಿ ಕಣ್ಣೊಂದಿತ್ತು. ಎದುರಿಗೆ ಮೈ ಅಲುಗಿದರೆ ಅದಕ್ಕೆ ಎಚ್ಚರ. ಆಗ ದೀಪ ಹತ್ತುತ್ತಿತ್ತು. ದೀಪದ ಜೊತೆಗೇ, ಕಂಬದ ಹಿಂದಿನ ಕೊಳಚೆ ತೊಟ್ಟಿಗೆ ಗಾಳಿ ಊದುವ ಫ್ಯಾನೂ ತಿರುಗುತ್ತಿತ್ತು. ಮೈ ಅಲುಗದಿದ್ದರೆ ಮೆಲ್ಲಗೆ ನೂರು ಎಣಿಸುವಷ್ಟು ಹೊತ್ತು ಕಾದು ಎರಡನ್ನೂ ಆರಿಸುತ್ತಿತ್ತು. ಅದಕ್ಕೆ ಕಾಣುತ್ತಿದ್ದುದು ಆ ನಾಲ್ಕು ಕಲ್ಲು ಮಾತ್ರ. ತೊಟ್ಟಿ ಕಾಣುತ್ತಿರಲಿಲ್ಲ. ತೊಟ್ಟಿಯಲ್ಲಿ ಇಳಿದವನು ಕಾಣುತ್ತಿರಲಿಲ್ಲ.

ತೊಟ್ಟಿಯಲ್ಲಿ ಅವಳ ತಮ್ಮನಿದ್ದ.

ಠಣ್ ಎಂದಿತು ಒಳಗಿನ ಕಬ್ಬಿಣದ ಏಣಿ. ತಮ್ಮ ಸ್ಪ್ಯಾನರಿನಿಂದ ಬಡಿದಿದ್ದ. ಒಂದು ಬಡಿತ ಎಂದರೆ ಇದ್ದೇನೆ. ಎರಡು ಎಂದರೆ ಮೇಲೆ ಬರುತ್ತಿದ್ದೇನೆ. ಮೂರು ಎಂದರೆ ನನ್ನನ್ನು ಎಳೆದುಕೋ. ಮೂರು ಬಡಿತ ಈವರೆಗೆ ಕೇಳಿರಲಿಲ್ಲ. ಮೂರು ಬಡಿಯಬೇಕಾದ ಹೊತ್ತಿಗೆ ಕೈಯಲ್ಲಿ ಬಲ ಉಳಿದಿರುತ್ತದೋ ಇಲ್ಲವೋ, ಅದನ್ನು ಅಕ್ಕ ತಮ್ಮ ಮಾತಾಡಿಕೊಂಡಿರಲಿಲ್ಲ.

"ಇದ್ಯೇನೋ?" ಎಂದಳು.

"ಇಲ್ಲದೆ ಎಲ್ಲಿಗೆ ಹೋಗ್ಲಿ?" ತೊಟ್ಟಿಯ ಬಾಯಿಂದ ದನಿ ಬಂತು. "ಮೇಲೆ ಆಫೀಸರ್ರು, ಗುಮಾಸ್ತರು, ಜವಾನರು ಅಂತ ಎಷ್ಟೊಂದು ಭೇದ. ಇಲ್ಲಿ ನೋಡು, ಎಲ್ಲಾರದ್ದೂ ಒಂದೇ."

"ಮಾತು ಸಾಕು. ಉಸಿರು ಉಳಿಸ್ಕೋ."

"ಹೂಂ. ಉಳಿತಾಯ." ನಕ್ಕ. ನಗು ಕೆಮ್ಮಾಯಿತು.

ಅವಳು ಪೊರಕೆಯನ್ನು ಎಡಗೈಗೆ ದಾಟಿಸಿದಳು. ಬಲ ಹೆಗಲು ಕಲ್ಲಾಗಿತ್ತು.

ಉಳಿತಾಯ ಆ ಕಟ್ಟಡಕ್ಕೆ ಬಂದು ಎರಡು ವರ್ಷವಾಗಿತ್ತು. ಬಾಗಿಲಲ್ಲಿ 'ಹಸಿರು ಕಚೇರಿ' ಎಂಬ ಫಲಕ ಬಂತು. ಗೋಡೆಗಳಲ್ಲಿ ಎಲೆಗಳ ಚಿತ್ರ ಬಂತು. 'ಮೆಟ್ಟಿಲು ಹತ್ತಿ, ಭೂಮಿ ಉಳಿಸಿ' ಎಂದು ಲಿಫ್ಟಿನ ಪಕ್ಕ ಬರೆದರು. ಮಾರನೆಯ ದಿನದಿಂದ ಬಕೆಟ್ಟು ಹಿಡಿದವರಿಗೆ ಲಿಫ್ಟು ನಿಂತಿತು. ಪೊರಕೆಯಕ್ಕ ದಿನಕ್ಕೆ ಹದಿನಾಲ್ಕು ಸಲ ನೀರು ಹೊತ್ತು ಮೆಟ್ಟಿಲು ಹತ್ತಿದಳು. ಆ ಬರಹವನ್ನು ಓದುವವರು ಲಿಫ್ಟಿಗೆ ಕಾಯುತ್ತಾ ನಿಂತು ಓದುತ್ತಿದ್ದರು. ಅವಳು ಮೀನಖಂಡದ ನರ ಹಿಡಿದುಕೊಂಡು ಭೂಮಿ ಉಳಿಸುತ್ತಿದ್ದಳು.

ಇದೆಲ್ಲದರ ಉಸ್ತುವಾರಿ ಸೂಪರಿಂಟೆಂಡೆಂಟರದು. ಬೆನ್ನ ಹಿಂದೆ ಅವರನ್ನು ಎಲ್ಲರೂ ಯೂನಿಟ್ ಸಾಹೇಬ ಎನ್ನುತ್ತಿದ್ದರು. ಕರೆಂಟಿನ ಯೂನಿಟ್ಟಿನ ಹೊರತು ಬೇರೆ ಮಾತು ಅವರ ಬಾಯಲ್ಲಿರಲಿಲ್ಲ. ಕೆಟ್ಟ ಮನುಷ್ಯರಲ್ಲ. ಬಿಸಾಡಿದ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದರು. ತಮ್ಮ ಕೋಣೆಯ ದೀಪವನ್ನು ತಾವೇ ಆರಿಸುತ್ತಿದ್ದರು. ಒಂದು ದಿನ ನೆಲಮಾಳಿಗೆಯ ನಕ್ಷೆ ನೋಡಿ, "ಯಾರೂ ಕೂರದ ಕೋಣೆಗೆ ದಿನವಿಡೀ ಗಾಳಿ ಯಾಕೆ?" ಎಂದರು. ಹಾಗೆ ಆ ಕಣ್ಣು ಬಂತು. ಹಳೆಯ ಸ್ವಿಚ್ಚನ್ನು ಕಿತ್ತು ಅಲ್ಲಿಗೆ ಸಿಮೆಂಟು ಬಳಿದರು.

ಆ ಕೋಣೆಯಲ್ಲಿ ಯಾರೂ ಕೂರುತ್ತಿರಲಿಲ್ಲ ಎಂಬುದು ನಿಜ. ಅಲ್ಲಿ ಬಗ್ಗುತ್ತಿದ್ದರು.

ಆಗ ತೊಟ್ಟಿಯ ಪಂಪು ನೋಡುತ್ತಿದ್ದವನನ್ನು ಮೌನಿ ಎಂದು ಕರೆಯುತ್ತಿದ್ದರು. ಮೂಗನಲ್ಲ, ಮಾತು ಕಡಿಮೆ, ಅಷ್ಟೆ. ಪಂಪಿಗೆ ಕಾಗದ, ಬಟ್ಟೆ ಸಿಕ್ಕಿಕೊಂಡಾಗ ಚಪ್ಪಲಿಯನ್ನು ಮೆಟ್ಟಿಲ ಕೊನೆಯಲ್ಲಿ ಜೋಡಿಸಿಟ್ಟು ಇಳಿಯುತ್ತಿದ್ದ. ಕಣ್ಣು ಬಂದ ಮೂರನೆಯ ತಿಂಗಳು ಒಂದು ಬೆಳಿಗ್ಗೆ ಪೊರಕೆಯಕ್ಕ ಮೆಟ್ಟಿಲ ನಡುವಿನವರೆಗೆ ಬಂದಿದ್ದಳು. ಮೇಲಿನ ಬಾಗಿಲಿಂದ ಬಿದ್ದ ಬೆಳಕಲ್ಲಿ ಅವನ ಚಪ್ಪಲಿ ಕಂಡಿತು. ಆಚೆ ಕತ್ತಲಿತ್ತು. ದೀಪ ಆರಿದೆ, ಅಂದರೆ ಒಳಗೆ ಯಾರೂ ಇಲ್ಲ ಎಂದುಕೊಂಡಳು. ಬರಿಗಾಲಲ್ಲೇ ಟೀ ಕುಡಿಯಲು ಹೋಗಿರಬೇಕು ಎಂದುಕೊಂಡಳು. ವಾಪಸ್ಸು ಹತ್ತಿದಳು.

ಅವಳೂ ಆ ಕಣ್ಣನ್ನೇ ನಂಬಿದ್ದಳು.

ಮಧ್ಯಾಹ್ನ ಚಪ್ಪಲಿ ಅಲ್ಲೇ ಇತ್ತು. ಅವಳು ಕೆಳಗಿಳಿದಳು. ಕಲ್ಲಿನ ಮೇಲೆ ಕಾಲಿಟ್ಟ ಕೂಡಲೇ ದೀಪ ಝಗ್ಗೆಂದು ಹತ್ತಿತು. ಫ್ಯಾನು ಗುರ್ರೆಂದು ತಿರುಗಿತು. ತೊಟ್ಟಿಯ ತಳದಲ್ಲಿ ಮೌನಿ ಮಗುಚಿ ಬಿದ್ದಿದ್ದ. ಅವಳ ಕೂಗಿಗೆ ಜನ ಬಂದರು. ಬಂದವರೆಲ್ಲ ಆ ಕಲ್ಲುಗಳನ್ನು ದಾಟಿಯೇ ಬಂದರು. ಸೂಪರಿಂಟೆಂಡೆಂಟರು ಮೇಲೆ ನೋಡಿದರು. ದೀಪ ಉರಿಯುತ್ತಿತ್ತು. ಆಚೆ ನೋಡಿದರು. ಫ್ಯಾನು ತಿರುಗುತ್ತಿತ್ತು.

"ಗಾಳಿ ಚೆನ್ನಾಗೇ ಇದೆಯಲ್ಲ," ಎಂದರು.

ಹೃದಯಾಘಾತ ಎಂದು ಬರೆದರು. ಬರೆದವರಿಗೆ ಸುಳ್ಳು ಬರೆದೆವೆಂಬ ಅಳುಕಿರಲಿಲ್ಲ. ನೋಡಲು ಹೋದವರಿಗೆಲ್ಲ ಆ ಕೋಣೆ ಬೆಳಕನ್ನೇ ತೋರಿಸುತ್ತಿತ್ತು. ಒಳಗಿದ್ದು ಕತ್ತಲನ್ನು ಕಂಡವನು ಒಬ್ಬನೇ. ಅವನು ಇದ್ದಾಗಲೂ ಮಾತಾಡುತ್ತಿರಲಿಲ್ಲ.

ಆ ಕೆಲಸವನ್ನು ತಮ್ಮನಿಗೆ ಕೊಡಿಸಿದ್ದು ಅವಳೇ. ಹೆತ್ತವರಿಲ್ಲದ ಹುಡುಗ, ಅವಳೇ ಸಾಕಿದ್ದು. ಮೂವತ್ತು ದಾಟಿದರೂ ಅಲೆಯುತ್ತಿದ್ದ. ಕೈ ಮುಗಿದು, ಕಾಲು ಹಿಡಿದು ಕೊಡಿಸಿದಳು. ಕೊಡಿಸಿದ ದಿನವೇ ನಿದ್ದೆ ಹೋಯಿತು. ಕಣ್ಣಿನ ಎದುರು ಹಳೆಯ ಬಟ್ಟೆಯೊಂದನ್ನು ತೂಗುಬಿಟ್ಟು ನೋಡಿದಳು. ಬಟ್ಟೆ ಎಷ್ಟು ತೂಗಿದರೂ ಕಣ್ಣು ನಂಬಲಿಲ್ಲ. ಅದಕ್ಕೆ ಬಿಸಿಯಿರುವ ಮೈ ಬೇಕು. ಹಾಗಾದರೆ ನನ್ನ ಮೈಯೇ ಆಗಲಿ ಎಂದಳು. ಸುಮ್ಮನೆ ನಿಂತು ಕೈ ಬೀಸಿದರೆ ಕಂಡವರು ಕೆಲಸಗಳ್ಳಿ ಎಂದಾರು. ಅದಕ್ಕೇ ಪೊರಕೆ. ತಮ್ಮ ಇಳಿದಾಗಲೆಲ್ಲ ಅವಳು ಗುಡಿಸುತ್ತಿದ್ದಳು. ಅವನ ಉಸಿರು ಅವಳ ರಟ್ಟೆಯಲ್ಲಿತ್ತು.

ಒಮ್ಮೆ ಯೂನಿಟ್ ಸಾಹೇಬರ ಕೋಣೆಗೂ ಹೋಗಿದ್ದಳು. "ಅಲ್ಲೇ ನಿಂತು ಹೇಳು, ಈಗಷ್ಟೇ ಒರೆಸಿದ್ದಾರೆ," ಎಂದರು. ಒರೆಸಿದ್ದವಳು ಅವಳೇ. ಹೊಸ್ತಿಲಾಚೆ ನಿಂತು, ಕೆಳಗೊಂದು ಸ್ವಿಚ್ಚು ಹಾಕಿಸಿಕೊಡಿ ಸಾರ್ ಎಂದಳು. ಅವರು ತಾವೇ ಎದ್ದು ಬಂದರು. ಮೆಟ್ಟಿಲಿಳಿದು ಕಲ್ಲಿನ ಮೇಲೆ ನಿಂತರು. ದೀಪ ಹತ್ತಿತು.

"ಉರೀತಿದೆಯಲ್ಲಮ್ಮ. ಇನ್ನೇನು?"

"ನೀವು ಬಂದ್ರಿ ಅಂತ ಉರೀತು ಸಾರ್."

ಅವರಿಗೆ ಅದು ಹೊಗಳಿಕೆಯಂತೆ ಕೇಳಿತು. ನಗುತ್ತಾ ಹತ್ತಿಹೋದರು.

ಇಂದು ಮೇಲಿನ ಕಚೇರಿಯಿಂದ ತಪಾಸಣೆಯ ಮೇಡಂ ಬರುವವರಿದ್ದರು. ಅವರು ಒಪ್ಪಿದರೆ ಆ ಕಟ್ಟಡಕ್ಕೆ ಹಸಿರು ಪ್ರಶಸ್ತಿ. ಕೊಳಚೆಯನ್ನೇ ಶುದ್ಧಮಾಡಿದ ನೀರು ಅಂಗಳದ ಕಾರಂಜಿಯಲ್ಲಿ ಚಿಮ್ಮಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಪಂಪಿಗೆ ಏನೋ ಸಿಕ್ಕಿ ಕಾರಂಜಿ ನಿಂತುಹೋಯಿತು. ತೊಟ್ಟಿಗೆ ಮನುಷ್ಯರು ಇಳಿಯುವುದೇ ಇಲ್ಲ, ಯಂತ್ರವೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಕಡತದಲ್ಲಿತ್ತು. ಒಂಬತ್ತೂ ಕಾಲಿಗೆ ತಮ್ಮ ಇಳಿದ.

ಮೆಟ್ಟಿಲ ಮೇಲೆ ಸದ್ದಾಯಿತು. ಜವಾನ ಅರ್ಧ ಇಳಿದು ನಿಂತ. ಮೂಗಿಗೆ ಕರವಸ್ತ್ರ.

"ಅಕ್ಕಾ, ಸಾಹೇಬರು ಕರೀತಿದಾರೆ. ಸಭಾಂಗಣದಲ್ಲಿ ಕಾಫಿ ಚೆಲ್ಲಿದೆ. ಓಡಿ ಬರಬೇಕಂತೆ."

"ತಮ್ಮ ಒಳಗಿದಾನೆ. ಆಗಲ್ಲ ಅನ್ನು."

"ಎರಡು ನಿಮಿಷದ ಕೆಲಸ ಅಕ್ಕ."

"ನೂರು ಎಣಿಸೋಷ್ಟರಲ್ಲಿ ಒರೆಸಿ ಬರೋಕಾಗುತ್ತಾ? ಬೇಕಾದ್ರೆ ನೀನಿಲ್ಲಿ ನಿಂತ್ಕೋ. ಗುಡಿಸ್ತಾ ಇರು."

ಜವಾನ ಪೊರಕೆ ನೋಡಿದ. ಕಲ್ಲು ನೋಡಿದ. "ನಾನಾ? ಒಳ್ಳೇ ಕಥೆ ಆಯ್ತಲ್ಲ ನಿಂದು," ಎಂದು ಹತ್ತಿಹೋದ.

ಹತ್ತೊಂಬತ್ತು ವರ್ಷದಲ್ಲಿ ಆಗಲ್ಲ ಎಂಬ ಮಾತನ್ನು ಆ ಕಟ್ಟಡದಲ್ಲಿ ಅವಳು ಆಡಿರಲಿಲ್ಲ. ಆಡಿದ ಮೇಲೆ ಅದು ಅಷ್ಟೇನೂ ದೊಡ್ಡ ಮಾತಾಗಿ ಕೇಳಲಿಲ್ಲ.

ಠಣ್.

ಜವಾನ ಮತ್ತೆ ಬಂದ. ಈ ಸಲ ಕರವಸ್ತ್ರ ಮರೆತಿದ್ದ.

"ಅಕ್ಕಾ, ಮೇಡಂ ಬಂದೇಬಿಟ್ರು. ಕೆಳಗೂ ಬರ್ತಾರಂತೆ, ಎಲ್ಲಾ ನೋಡ್ಬೇಕಂತೆ. ಇಲ್ಲಿ ಯಾರೂ ಇರಕೂಡದಂತೆ. ನೀನು ಮೇಲೆ ಬರಬೇಕಂತೆ."

"ಅವನು?"

ಜವಾನ ಗೋಡೆ ನೋಡಿದ. "ಅವನು ಬರೋ ಹೊತ್ತಿಗೆ ಮೈಯೆಲ್ಲಾ... ಮೇಡಂ ಎದುರಿಗೇ ಸಿಕ್ತಾನಲ್ಲ. ಅದಕ್ಕೇ, ಒಂದು ಹತ್ತು ನಿಮಿಷ ಒಳಗೇ ಇರಲಿ ಅಂದ್ರು. ಮುಚ್ಚಳ ಎಳೆದಿಡು ಅಂದ್ರು. ಪೂರ್ತಿ ಬೇಡವಂತೆ. ಅರ್ಧ."

ಪೊರಕೆ ನಿಂತಿತು. ಅವಳು ಅವನನ್ನೇ ನೋಡಿದಳು. ಜವಾನನಿಗೂ ಮನೆಯಲ್ಲಿ ತಮ್ಮಂದಿರಿದ್ದರು. ಅವನು ಕಣ್ಣೆತ್ತಲಿಲ್ಲ. ಅವಳು ಮತ್ತೆ ಗುಡಿಸತೊಡಗಿದಳು.

"ಅರ್ಧ ಉಸಿರಾಡು ಅಂತ ಅವನಿಗೆ ನಾನು ಹೇಳ್ಬೇಕಾ, ಸಾಹೇಬ್ರು ಹೇಳ್ತಾರಾ? ಕೇಳ್ಕೊಂಡು ಬಾ."

ಕೇಳಿಕೊಂಡು ಬರುವ ಅಗತ್ಯ ಬೀಳಲಿಲ್ಲ. ಸೂಪರಿಂಟೆಂಡೆಂಟರೇ ಬಂದರು. ಹೊಸ ಅಂಗಿ. ಜೇಬಿನ ಮೇಲೆ ಎಲೆಯಾಕಾರದ ಹಸಿರು ಪಟ್ಟಿ. ಜವಾನನನ್ನು ಕಾರಂಜಿ ನೋಡಿಕೊಳ್ಳಲು ಓಡಿಸಿದರು.

"ಏನಮ್ಮ ಇದು? ಇಷ್ಟು ವರ್ಷ ಒಂದು ಮಾತು ಆಡದವಳು. ಇವತ್ತೇ ಆಗ್ಬೇಕಾ?"

"ಅವನು ಮೇಲೆ ಬಂದ್ಮೇಲೆ ಬರ್ತೀನಿ ಸಾರ್."

"ಮೇಡಂ ಮೆಟ್ಟಿಲ ಹತ್ರ ಇದಾರೆ. ಮನುಷ್ಯ ಇಳಿದಿದ್ದು ಕಂಡ್ರೆ ಪ್ರಶಸ್ತಿ ಹಾಳಾಗ್ಲಿ, ನನ್ನ ಕೆಲಸಾನೂ ಹೋಗುತ್ತೆ. ನಿಂದೂ ಹೋಗುತ್ತೆ. ಅವನದೂ ಹೋಗುತ್ತೆ. ಹತ್ತು ನಿಮಿಷ ಕಣಮ್ಮ. ಎಳಿ ಆ ಮುಚ್ಚಳ."

"ಸಾಯೋಕೆ ಹತ್ತು ನಿಮಿಷ ಬೇಡ ಸಾರ್ ಅವನಿಗೆ. ಮೌನಿಗೂ ಬೇಕಾಗಿರ್ಲಿಲ್ಲ."

ಅವರ ಮುಖ ಬಿಳಚಿತು. ಮುಚ್ಚಳ ನೋಡಿದರು. ಅದರ ಹಿಡಿಯ ತುಂಬ ಕಪ್ಪಗೆ ಲೋಳೆ ಅಂಟಿತ್ತು. ಒಂದು ಹೆಜ್ಜೆ ಇಟ್ಟರು. ಅಂಗಿಯ ತೋಳು ನೋಡಿಕೊಂಡರು. ನಿಂತರು. ಆ ಮುಚ್ಚಳ ಮುಟ್ಟುವ ಕೈಗಳು ಆ ಕಟ್ಟಡದಲ್ಲಿ ಎರಡೇ ಜೊತೆ. ಒಂದು ಜೊತೆ ಕೆಳಗಿತ್ತು. ಇನ್ನೊಂದು ಪೊರಕೆ ಹಿಡಿದಿತ್ತು.

"ಎಳೆಯಲ್ವಾ?"

"ಇಲ್ಲ ಸಾರ್."

"ಆಯ್ತು. ನಾಳೆಯಿಂದ ಗೇಟಿನ ಒಳಗೆ ಕಾಲಿಡಬೇಡ."

"ನಾಳೆ ಅಲ್ವಾ," ಎಂದಳು.

ಮೇಡಂ ಇಳಿದು ಬಂದರು. ಐವತ್ತರ ಹೆಂಗಸು, ಕನ್ನಡಕ, ಕೈಯಲ್ಲಿ ಕಡತ. ಅವರ ಗುಮಾಸ್ತ ಮೇಲೇ ಉಳಿದು ಮೇಡಂ ಅವರದೇ ಫೋನಿನಲ್ಲಿ ಕಾರಂಜಿಯ ಚಿತ್ರ ತೆಗೆಯಲು ಕಾಯುತ್ತಿದ್ದ. ಸೂಪರಿಂಟೆಂಡೆಂಟರು ಮೇಡಂ ಕಣ್ಣಿಗೆ ತೊಟ್ಟಿ ಬೀಳದಂತೆ ಅಡ್ಡ ನಿಂತು, ಗೋಡೆಗೂ ತೊಟ್ಟಿಯ ಅಂಚಿಗೂ ನಡುವಿನ ಕಿರುದಾರಿಯಲ್ಲಿ ಸರಸರನೆ ಆಚೆ ಕೊನೆಗೆ ಕರೆದೊಯ್ದರು. ಅಲ್ಲಿ ಕಬ್ಬಿಣದ ಚೌಕಟ್ಟಿನಲ್ಲಿ ಉಳಿತಾಯದ ಪಟ್ಟಿ ತೂಗುಹಾಕಿತ್ತು. ಈಗ ಅವರಿಬ್ಬರಿಗೂ ಮೆಟ್ಟಿಲಿಗೂ ನಡುವೆ ತೊಟ್ಟಿಯ ಬಾಯಿ ಇತ್ತು. ಅವರು ಅದನ್ನು ಬೆನ್ನಿಗೆ ಹಾಕಿ ಪಟ್ಟಿ ಓದುತ್ತಿದ್ದರು.

"ಈ ಕೋಣೆಯೊಂದರಲ್ಲೇ ಹತ್ತರಲ್ಲಿ ಒಂಬತ್ತು ಪಾಲು ವಿದ್ಯುತ್ ಉಳಿದಿದೆ ಮೇಡಂ. ಯಾರಾದರೂ ಇದ್ದರೆ ಮಾತ್ರ ಉರಿಯುತ್ತೆ. ಇಲ್ಲದಿದ್ದರೆ ಇಲ್ಲ."

"ಆ ಹೆಂಗಸು?"

"ಶುಚಿತ್ವ ಮೇಡಂ. ನಮ್ಮಲ್ಲಿ ಸದಾ ನಡೀತಾ ಇರುತ್ತೆ."

ಠಣ್ ಠಣ್.

ಪೊರಕೆಯಕ್ಕ ಕಣ್ಣು ಮುಚ್ಚಿ ತೆರೆದಳು. ಎರಡು. ಬರುತ್ತಿದ್ದಾನೆ.

ಮೊದಲು ಒಂದು ಕಪ್ಪು ಕೈ ಬಂತು. ಆಮೇಲೆ ತಲೆ. ಆಮೇಲೆ ಎದೆ. ಎದೆ ನೆಲಕ್ಕೆ ಒತ್ತಿ, ಮೊಣಕಾಲು ಎಳೆದು, ತಮ್ಮ ಕಂಬದ ಕಡೆಗೆ ಉರುಳಿದ. ಕಂಬದ ಹಿಂಬದಿಗೆ ಒರಗಿ ವಾಂತಿ ಮಾಡಿಕೊಂಡ. ಕೈಯಲ್ಲಿ ಪಂಪಿಗೆ ಸಿಕ್ಕಿದ್ದ ಗಂಟು ಇನ್ನೂ ಇತ್ತು. ಒರೆಸಿ ಎಸೆದ ಕಾಗದ, ಕೂದಲು, ಸಭೆಯಲ್ಲಿ ಹಂಚಿದ್ದ ಹಸಿರು ಪಟ್ಟಿಗಳು.

ಮೇಡಂ ತಿರುಗಿದರು. ಕೈ ಮೂಗಿಗೆ ಹೋಯಿತು.

"ಇವನು ಯಾರು? ಒಳಗೆ ಯಾರೂ ಇಳಿಯೋದಿಲ್ಲ ಅಂತ ಬರೆದಿದ್ದೀರಲ್ಲ?"

"ಹೊರಗಿನವನು ಮೇಡಂ. ಏನೋ ಬಿದ್ದಿತ್ತು ಅಂತ... ನಮ್ಮ ಗಮನಕ್ಕೆ ಬಂದಿಲ್ಲ. ಆದರೂ ಅಪಾಯ ಇಲ್ಲ ಮೇಡಂ. ನೋಡಿ, ಫ್ಯಾನ್ ಓಡ್ತಿದೆ. ದೀಪ ಇದೆ. ಗಾಳಿ ಚೆನ್ನಾಗೇ ಇದೆ."

ಅದೇ ಮಾತು. ಒಂದಕ್ಷರವೂ ಬದಲಾಗದ ಅದೇ ಮಾತು. ಮೇಡಂ ಫ್ಯಾನು ನೋಡಿದರು. ದೀಪ ನೋಡಿದರು. ಕಡತದಲ್ಲಿ ಏನೋ ಬರೆಯಲು ಪೆನ್ನಿನ ಮುಚ್ಚಳ ತೆಗೆದರು.

ಪೊರಕೆಯಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. ನಾಲ್ಕು ಕಲ್ಲಿನಿಂದ ಆಚೆ ಕಾಲಿಟ್ಟಳು. ಕಂಬದ ಹಿಂದೆ ಹೋಗಿ ತಮ್ಮನ ಪಕ್ಕ ಕುಳಿತಳು. ಆ ಕೋಣೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು. ಸೆರಗಿನಿಂದ ಅವನ ಬಾಯಿ ಒರೆಸಿದಳು. ಒರೆಸುತ್ತಾ ತುಟಿಯೊಳಗೇ ಎಣಿಸಿದಳು.

"ಅಕ್ಕ, ಏನ್ ಮಾಡ್ತಿದೀಯ?" ತಮ್ಮ ಪಿಸುಗುಟ್ಟಿದ.

"ಉಳಿತಾಯ."

ಸೂಪರಿಂಟೆಂಡೆಂಟರು ಪಟ್ಟಿಯ ಮುಂದಿನ ಸಾಲು ಓದುತ್ತಿದ್ದರು. ಅರವತ್ತು. ಮೇಡಂ ಬರೆಯುತ್ತಿದ್ದರು. ಎಂಬತ್ತು. ತಮ್ಮನ ನಾಡಿ ಅವಳ ಬೆರಳಿಗೆ ಸಿಗುತ್ತಿತ್ತು, ಬೇಗಬೇಗ. ತೊಂಬತ್ತೊಂಬತ್ತು.

ದೀಪ ಆರಿತು.

ನೆಲಮಾಳಿಗೆಗೆ ಕಿಟಕಿಯಿರಲಿಲ್ಲ. ಮೆಟ್ಟಿಲ ಮೇಲಿನ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದು, ತಂಪು ಉಳಿಸಲು. ಕತ್ತಲು ಮುಖಕ್ಕೆ ಬಟ್ಟೆ ಒತ್ತಿದ ಹಾಗೆ ಬಂತು. ಫ್ಯಾನು ನಾಲ್ಕು ಸುತ್ತು ನರಳಿ ನಿಂತಿತು. ಅದು ನಿಂತ ಮೇಲೆ ತೊಟ್ಟಿಯ ಸದ್ದು ಕೇಳಿತು. ಕಲಕಿದ ಕೊಳಚೆ ಬೊಬ್ಬುಳಿ ಒಡೆಯುತ್ತಿತ್ತು. ವಾಸನೆ ಮೊದಲು ಬಂತು. ಮೆಲ್ಲಗೆ ಗಂಟಲ ಉರಿ ಬಂತು.

"ಏನಾಯ್ತು?" ಮೇಡಂ ದನಿ.

"ಏನಿಲ್ಲ ಮೇಡಂ, ಅಲುಗಿದ್ರೆ ಹತ್ತುತ್ತೆ." ಅಂಗಿಯ ತೋಳು ಗಾಳಿಯಲ್ಲಿ ಪಟಪಟ ಬಡಿಯಿತು. ಚಪ್ಪಾಳೆ ಕೇಳಿತು. ಮತ್ತೆ ತೋಳು.

"ಅಲ್ಲಿಂದ ಕಾಣಲ್ಲ ಸಾರ್ ಅದಕ್ಕೆ," ಕಂಬದ ಹಿಂದಿನಿಂದ ಪೊರಕೆಯಕ್ಕ ಹೇಳಿದಳು. ದನಿ ಏರಿಸಲಿಲ್ಲ. "ಅದರ ಪಾಲಿಗೆ ನೀವಿಲ್ಲಿ ಇಲ್ಲ."

"ಏಯ್, ಹಾಕಮ್ಮ ಲೈಟು."

"ನಾಳೆಯಿಂದ ಬರಬೇಡ ಅಂದ್ರಲ್ಲ ಸಾರ್. ಇವತ್ತೇ ಬಿಟ್ಟೆ. ಹೆಜ್ಜೆ ಇಡೋವಾಗ ಹುಷಾರು. ಮುಚ್ಚಳ ಎಳೆದಿಲ್ಲ."

ಎರಡು ಜೊತೆ ಕಾಲುಗಳು ನಿಂತಲ್ಲೇ ನಿಂತವು. ಸೂಪರಿಂಟೆಂಡೆಂಟರ ಫೋನಿನ ಬೆಳಕು ಹೊತ್ತಿತು. ನೆಲದ ಮೇಲೆ ಹರಿದಾಡಿ ತೊಟ್ಟಿಯ ಬಾಯಿಗೆ ಬಂತು. ಮೇಡಂ ಕಾಲಿನಿಂದ ಅದು ಒಂದು ಗೇಣು ದೂರವಿತ್ತು. ಬೆಳಕು ನಡುಗಿತು, ಜಾರಿತು, ಒಳಗೆ ಬಿತ್ತು. ತಳದಲ್ಲಿ ಒಂದು ಕ್ಷಣ ಹಸಿರಾಗಿ ಹೊಳೆದು ಆರಿತು.

ಆಮೇಲೆ ಯಾರೂ ಅಲುಗಲಿಲ್ಲ.

"ಅಮ್ಮಾ," ಎಂದರು ಮೇಡಂ. ದನಿ ಕೆಮ್ಮಿನಲ್ಲಿ ಮುರಿಯಿತು. "ಹೀಗೆ ಎಷ್ಟು ಹೊತ್ತು ಇರಬಹುದು?"

"ನನಗೆ ಗೊತ್ತಿಲ್ಲ ಮೇಡಂ. ಹೋದ ವರ್ಷ ಇಲ್ಲೇ ಒಬ್ಬ ಇದ್ದ. ಎಷ್ಟು ಹೊತ್ತು ಇದ್ದ ಅಂತ ಸಾರನ್ನೇ ಕೇಳಿ. ಹೃದಯಾಘಾತ ಅಂತ ಬರೆದಿದ್ದು ಅವ್ರೇ."

ಸೂಪರಿಂಟೆಂಡೆಂಟರ ಉಸಿರು ಕೇಳುತ್ತಿತ್ತು. ಮನುಷ್ಯ ಉಸಿರಾಡುವುದು ಅಷ್ಟು ಸದ್ದು ಮಾಡುತ್ತದೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ.

ನಾಲ್ಕು ಕಲ್ಲು ಅವಳಿಂದ ಎರಡು ಹೆಜ್ಜೆ. ಅವಳು ಎದ್ದರೆ ಬೆಳಕು. ಎದ್ದರೆ ಗಾಳಿ. ಎದ್ದ ಮರುಕ್ಷಣವೇ ಮತ್ತೆ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ, ಗಾಳಿ ಚೆನ್ನಾಗೇ ಇರುತ್ತದೆ. ಅವಳ ಕಾಲು ತಾನಾಗಿ ಏಳಲು ಹೊರಟಿತು. ಹತ್ತೊಂಬತ್ತು ವರ್ಷದ ಅಭ್ಯಾಸ. ಅದನ್ನು ಕೈಯಿಂದ ಹಿಡಿದು ಕೂರಿಸಿದಳು.

ತಮ್ಮನ ಮಡಿಲಿನಿಂದ ಸ್ಪ್ಯಾನರ್ ತೆಗೆದುಕೊಂಡಳು. ಗೋಡೆಗುಂಟ ನೆಲದ ಮೇಲೆ ತಳ್ಳಿದಳು. ಅದು ಕರಕರ ಜಾರಿಹೋಗಿ ಒಂದು ಬೂಟಿಗೆ ತಾಗಿ ನಿಂತಿತು.

"ಅದನ್ನ ಎತ್ಕೊಳ್ಳಿ ಸಾರ್. ಪಕ್ಕದಲ್ಲಿ ಕಬ್ಬಿಣ ಇದೆಯಲ್ಲ, ಆಗಾಗ ಒಂದೊಂದು ಸಲ ಬಡೀತಾ ಇರಿ. ಇದ್ದೀರಿ ಅಂತ ನಮಗೆ ಗೊತ್ತಾಗಲಿ."

ಕತ್ತಲಲ್ಲಿ ಬೊಬ್ಬುಳಿ ಒಡೆಯಿತು. ಇನ್ನೊಂದು ಒಡೆಯಿತು. ಯಾರೋ ಬಗ್ಗಿದ ಸದ್ದು. ಲೋಳೆ ಅಂಟಿದ್ದನ್ನು ಬರಿಗೈಯಲ್ಲಿ ಹಿಡಿದಾಗ ಹೊರಡುವ ಸಣ್ಣ ನರಳಿಕೆ.

ಠಣ್.

ಪೊರಕೆಯಕ್ಕ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡಿದಳು.